ಕೈಮರದಿಂದ ಕರ್ನಲ್‌ವರೆಗೆ: ನನ್ನ ಕಸುಬಿನ ಕೆಲವು ಪದಗಳ ಚರಿತ್ರೆ

(ಹಳೆಯ ವಿದ್ಯಾರ್ಥಿ, 2004ರ ಎಸ್ಸೆಸ್ಸೆಲ್ಸಿ ತಂಡ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು)

ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಕೊಡಬೇಕೆಂದು ಸಂಪಾದಕ ಸಮಿತಿಯ ಹಿರಿಯರು ಕೇಳಿದಾಗ, ಶಾಲೆಯ ನೆನಪುಗಳನ್ನು ನನಗಿಂತ ಚೆನ್ನಾಗಿ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ, ನಾನು ನನ್ನ ಕಸುಬಿನ ಬಗ್ಗೆ ಬರೆದುಕೊಡುತ್ತೇನೆ ಎಂದೆ. ಹಬ್ಬಕ್ಕೆ ಊರಿಗೆ ಬಂದಾಗಲೆಲ್ಲ ಅರಳಿಕಟ್ಟೆಯಲ್ಲಿ ಎದುರಾಗುವ ಪ್ರಶ್ನೆಯೂ ಅದೇ: "ಕಂಪ್ಯೂಟರ್ ಕೆಲಸ ಅಂತೀಯಲ್ಲಪ್ಪಾ, ಅದರೊಳಗೆ ನಿಂದೇನು ಕೆಲಸ?" ಅದಕ್ಕೆ ಒಂದು ಮಾತಿನ ಉತ್ತರ ನನ್ನ ಬಳಿ ಇಲ್ಲ. ಚರಿತ್ರೆಯ ಮೂಲಕ ಹೇಳಿದರೆ ಸುಲಭವಾದೀತು ಎನಿಸಿದೆ.

ಮೇಜಿನ ಮೇಲೆ ಕೂರುವ ಕಂಪ್ಯೂಟರ್ ಎಲ್ಲರಿಗೂ ಗೊತ್ತು. ಆದರೆ ಲೆಕ್ಕ ಹಾಕಿದರೆ ಕಣ್ಣಿಗೆ ಕಾಣದ ಕಂಪ್ಯೂಟರುಗಳೇ ಹೆಚ್ಚು. ಡೇರಿಯಲ್ಲಿ ಹಾಲಿನ ಕೊಬ್ಬು ಅಳೆಯುವ ಯಂತ್ರ, ಮನೆಯ ಗೋಡೆಯ ಮೇಲಿನ ವಿದ್ಯುತ್ ಮೀಟರು, ಮೊಬೈಲಿನಿಂದ ಪಂಪ್‌ಸೆಟ್ ಚಾಲು ಮಾಡುವ ಸ್ಟಾರ್ಟರು, ಹೊಸ ಬೈಕಿನ ಬ್ರೇಕು, ಆಸ್ಪತ್ರೆಯಲ್ಲಿ ಹನಿ ಹನಿಯಾಗಿ ಔಷಧಿ ಬಿಡುವ ಪಂಪು, ಇವೆಲ್ಲದರ ಹೊಟ್ಟೆಯಲ್ಲಿ ಒಂದೊಂದು ಚಿಕ್ಕ ಕಂಪ್ಯೂಟರ್ ಕೂತಿದೆ. ಇದನ್ನು 'ಎಂಬೆಡೆಡ್' ಎನ್ನುತ್ತಾರೆ, ಅಂದರೆ ಮತ್ತೊಂದರೊಳಗೆ ಹುದುಗಿದ್ದು. ಈ ಮಾತು ಹೆಚ್ಚು ಚಾಲ್ತಿಗೆ ಬಂದದ್ದು 1970ರ ದಶಕದಲ್ಲಿ, ಅಮೆರಿಕದ ರಕ್ಷಣಾ ಇಲಾಖೆಯಿಂದ. ವಿಮಾನ, ಕ್ಷಿಪಣಿ, ಹಡಗುಗಳ ಒಳಗಿನ ಕಂಪ್ಯೂಟರುಗಳಿಗೆ ಒಬ್ಬೊಬ್ಬ ಗುತ್ತಿಗೆದಾರ ಒಂದೊಂದು ಭಾಷೆಯಲ್ಲಿ ಪ್ರೋಗ್ರಾಂ ಬರೆದು ಇಲಾಖೆಗೆ ಸಾಕುಸಾಕಾಗಿತ್ತು. ಎಲ್ಲಕ್ಕೂ ಒಂದೇ ಭಾಷೆ ಇರಲೆಂದು ಅವರು ಮಾಡಿಸಿದ್ದೇ 'ಏಡಾ'. ಇಂಥ ಚಿಕ್ಕ ಕಂಪ್ಯೂಟರಿನೊಳಗೆ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ಮೇಸ್ತ್ರಿಯ ಹಾಗೆ ನಿಂತು ನಡೆಸುವ ಪ್ರೋಗ್ರಾಂ ಆಪರೇಟಿಂಗ್ ಸಿಸ್ಟಮ್. ನನ್ನ ಅನ್ನ ಅದರಿಂದಲೇ.

ಪದಗಳ ಚರಿತ್ರೆಯನ್ನೇ ಯಾಕೆ ಹೇಳಲು ಹೊರಟೆ ಎಂದರೆ ಒಂದು ಕಾರಣವಿದೆ. ಕನ್ನಡ ಮಾಧ್ಯಮದಲ್ಲಿ ಓದಿ ಎಂಜಿನಿಯರಿಂಗ್ ಸೇರಿದವರಿಗೆ ಮೊದಲು ಎದುರಾಗುವ ಗೋಡೆ ಗಣಿತವಲ್ಲ, ಪದಗಳು. ಇಂಟರಪ್ಟ್, ಕರ್ನಲ್, ಸೆಮಾಫೋರ್, ಮ್ಯೂಟೆಕ್ಸ್, ವಾಚ್‌ಡಾಗ್. ಒಂದೂ ತಿಳಿಯದೆ ಎಲ್ಲವನ್ನೂ ಮಂತ್ರದ ಹಾಗೆ ಬಾಯಿಪಾಠ ಮಾಡುತ್ತೇವೆ. ನನ್ನ ಜೊತೆ ಈ ಶಾಲೆಯಿಂದ ಹೋದ ಗೆಳೆಯನೊಬ್ಬ ಲೆಕ್ಕದಲ್ಲಿ ನಮ್ಮೆಲ್ಲರಿಗಿಂತ ಮುಂದಿದ್ದವನು. ಮೂರನೇ ಸೆಮಿಸ್ಟರಿನಲ್ಲಿ ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಬಂದುಬಿಟ್ಟ. "ಪಾಠ ಕಷ್ಟ ಅಲ್ಲ ಕಣೋ, ಅವರು ಮಾತಾಡೋದೇ ಅರ್ಥ ಆಗಲ್ಲ" ಎಂದಿದ್ದ. ಆ ಪದಗಳೆಲ್ಲ ಅಡುಗೆಮನೆ, ರೈಲುನಿಲ್ದಾಣ, ಬೂಟು, ಕಾವಲುನಾಯಿಗಳಿಂದ ಎದ್ದು ಬಂದವು ಎಂದು ಆಗ ನಮಗೆ ಯಾರೂ ಹೇಳಲಿಲ್ಲ.

'ಬೂಟ್' ಎನ್ನುವುದನ್ನೇ ನೋಡಿ. ಫೋನು ಆನ್ ಮಾಡಿದಾಗ 'ಬೂಟ್ ಆಗ್ತಾ ಇದೆ' ಎನ್ನುತ್ತೇವೆ. ಇದು ಕಾಲಿಗೆ ಹಾಕುವ ಬೂಟೇ. ಎತ್ತರದ ಬೂಟುಗಳನ್ನು ಎಳೆದು ಹಾಕಿಕೊಳ್ಳಲು ಮೇಲ್ಗಡೆ ಒಂದು ಪಟ್ಟಿ ಇರುತ್ತದೆ, ಅದಕ್ಕೆ ಬೂಟ್‌ಸ್ಟ್ರಾಪ್ ಎಂದು ಹೆಸರು. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನೇ ಮೇಲಕ್ಕೆತ್ತಿಕೊಳ್ಳುವುದು ಇಂಗ್ಲಿಷಿನವರ ಹಳೆಯ ತಮಾಷೆ. ಕಂಪ್ಯೂಟರಿಗೂ ಅದೇ ಪೇಚು: ಪ್ರೋಗ್ರಾಮನ್ನು ನೆನಪಿನೊಳಕ್ಕೆ ತುಂಬಲು ಒಂದು ಪ್ರೋಗ್ರಾಂ ಬೇಕು, ಆದರೆ ಆನ್ ಮಾಡಿದ ಕ್ಷಣದಲ್ಲಿ ನೆನಪು ಖಾಲಿ. 1950ರ ದಶಕದಲ್ಲಿ ನಾಲ್ಕಾರು ಆದೇಶಗಳನ್ನು ಮಾತ್ರ ಮೊದಲು ಒಳಗೆ ಹಾಕಿ, ಅವು ಉಳಿದದ್ದನ್ನು ಎಳೆದುಕೊಳ್ಳುವಂತೆ ಮಾಡಿದರು. ನಮ್ಮ ರೈತರಿಗೆ ಇದು ಹೊಸದೇನಲ್ಲ. ಬಾವಿಯ ಪಂಪ್‌ಸೆಟ್ ನೀರೆಳೆಯಬೇಕಾದರೆ ಮೊದಲು ಅದಕ್ಕೆ ಒಂದು ಕೊಡ ನೀರು ಹೊಯ್ಯಬೇಕು. ಆ ಒಂದು ಕೊಡ ನೀರೇ ಬೂಟ್‌ಲೋಡರ್.

ಇನ್ನು 'ಇಂಟರಪ್ಟ್'. ನಿಘಂಟು ನೋಡಿದರೆ 'ಅಡ್ಡಿ', 'ಅಡಚಣೆ' ಎಂದಿರುತ್ತದೆ. ಈ ಅರ್ಥದಿಂದಲೇ ವಿದ್ಯಾರ್ಥಿಗಳು ದಾರಿ ತಪ್ಪುತ್ತಾರೆ ಎಂದು ನನ್ನ ಅಭಿಪ್ರಾಯ. 'ಕರೆ' ಎಂದರೆ ಹೆಚ್ಚು ಸರಿ. ಒಲೆಯ ಮೇಲೆ ಹಾಲಿಟ್ಟು ಪಕ್ಕದಲ್ಲೇ ನಿಂತು ನೋಡುತ್ತಿದ್ದರೆ ಬೇರೆ ಕೆಲಸ ಸಾಗದು. ಕುಕ್ಕರ್ ಇಟ್ಟವರು ಹಿತ್ತಿಲಿಗೆ ಹೋಗಿ ಪಾತ್ರೆ ತೊಳೆಯಬಹುದು, ಸೀಟಿ ಕೂಗಿದಾಗ ಕೈಲಿದ್ದ ಪಾತ್ರೆ ಕೆಳಗಿಟ್ಟು ಬಂದು ಒಲೆ ಆರಿಸಿ, ಬಿಟ್ಟಲ್ಲಿಂದ ಮತ್ತೆ ತೊಳೆಯಲು ಶುರು ಮಾಡಬಹುದು. ಆ ಸೀಟಿ ಇಂಟರಪ್ಟ್. ಸೀಟಿ ಕೇಳಿ ಬಂದು ಮಾಡುವ ಕೆಲಸಕ್ಕೆ ಇಂಟರಪ್ಟ್ ಹ್ಯಾಂಡ್ಲರ್ ಎಂದು ಹೆಸರು. ಅದು ಆದಷ್ಟು ಚಿಕ್ಕದಿರಬೇಕು, ಒಲೆ ಆರಿಸಲು ಬಂದವರು ಅಲ್ಲೇ ಸಾರಿಗೆ ಒಗ್ಗರಣೆ ಹಾಕುತ್ತ ನಿಲ್ಲಬಾರದು.

ನೆದರ್ಲೆಂಡ್ಸಿನಲ್ಲಿ 1950ರ ದಶಕದ ಕೊನೆಗೆ ಎಲೆಕ್ಟ್ರೊಲಾಜಿಕಾ ಎಕ್ಸ್‌1 ಎಂಬ ಯಂತ್ರ ಕಟ್ಟುವಾಗ, ಅದಕ್ಕೆ ಇಂಟರಪ್ಟ್ ಸೌಲಭ್ಯ ಇರಬೇಕೆಂದು ಯಂತ್ರದ ವಿನ್ಯಾಸಕರಾದ ಲೂಪ್‌ಸ್ಟ್ರಾ ಮತ್ತು ಸ್ಕೋಲ್ಟನ್ ಪಟ್ಟುಹಿಡಿದರು. ಅದಕ್ಕೆ ಪ್ರೋಗ್ರಾಂ ಬರೆಯಬೇಕಾದವರು ಎಡ್ಸ್‌ಗರ್ ಡೈಕ್‌ಸ್ಟ್ರಾ. ಅವರಿಗೆ ಹೆದರಿಕೆ. ಕರೆ ಯಾವ ಕ್ಷಣದಲ್ಲಿ ಬರುತ್ತದೋ ಗೊತ್ತಿಲ್ಲ. ಇವತ್ತು ಒಂದು ಕಡೆ ತಪ್ಪಾದರೆ ನಾಳೆ ಅದೇ ತಪ್ಪನ್ನು ಮತ್ತೆ ತೋರಿಸಲು ಆಗುವುದಿಲ್ಲ. ತಾವು ಭಯಪಟ್ಟದ್ದನ್ನು ಅವರೇ ಮುಂದೆ ಬರೆದುಕೊಂಡಿದ್ದಾರೆ. ಕೊನೆಗೆ ಒಪ್ಪಿ, ಅದೇ ವಿಷಯದ ಮೇಲೆ 1959ರಲ್ಲಿ ಡಾಕ್ಟರೇಟ್ ಪಡೆದರು. ಇಷ್ಟು ವರ್ಷ ಈ ಕೆಲಸ ಮಾಡಿದ ಮೇಲೂ ಆ ಭಯ ನ್ಯಾಯವಾದದ್ದೇ ಎನ್ನುತ್ತೇನೆ. ಲ್ಯಾಬಿನಲ್ಲಿ ತಿಂಗಳುಗಟ್ಟಲೆ ಸರಿಯಾಗಿದ್ದ ಬೋರ್ಡು ಗಿರಾಕಿಯ ಎದುರು ಕೈಕೊಟ್ಟರೆ, ಹತ್ತರಲ್ಲಿ ಒಂಬತ್ತು ಸಲ ನಾವು ಮೊದಲು ಹುಡುಕುವುದು ಇಂಟರಪ್ಟ್‌ಗಳಲ್ಲೇ.

ಅದೇ ಡೈಕ್‌ಸ್ಟ್ರಾ 1960ರ ದಶಕದ ಮೊದಲ ವರ್ಷಗಳಲ್ಲಿ ಕೊಟ್ಟ ಇನ್ನೊಂದು ಪದ 'ಸೆಮಾಫೋರ್'. ಇದು ರೈಲ್ವೆಯ ಕೈಮರ. ಕಂಬದ ಮೇಲೆ ಕೆಂಪು ಬಣ್ಣದ ಕೈ, ಅಡ್ಡವಿದ್ದರೆ ನಿಲ್ಲು, ಇಳಿದರೆ ಹೋಗು. ಒಂದೇ ಸಮಯದಲ್ಲಿ ಹಲವು ಪ್ರೋಗ್ರಾಮುಗಳು ಓಡುವಾಗ ಒಂದೇ ವಸ್ತುವಿಗೆ, ಉದಾಹರಣೆಗೆ ಒಂದೇ ಪ್ರಿಂಟರಿಗೆ, ಇಬ್ಬರು ಕೈಹಾಕಿದರೆ ಒಬ್ಬರ ಸಾಲಿನ ಮೇಲೆ ಇನ್ನೊಬ್ಬರ ಸಾಲು ಬೀಳುತ್ತದೆ. ಅದನ್ನು ತಡೆಯಲು ಡೈಕ್‌ಸ್ಟ್ರಾ ಒಂದು ಎಣಿಕೆಯನ್ನು ಇಟ್ಟರು. ಒಳಗೆ ಹೋಗುವವರು ಅದನ್ನು ಒಂದು ಇಳಿಸಬೇಕು, ಇಳಿಸಲಾಗದಿದ್ದರೆ ಕಾಯಬೇಕು. ಹೊರಗೆ ಬಂದವರು ಒಂದು ಏರಿಸಬೇಕು. ಈ ಎರಡು ಕ್ರಿಯೆಗಳಿಗೆ ಡಚ್ ಪದಗಳ ಮೊದಲಕ್ಷರ ಹಿಡಿದು 'ಪಿ' ಮತ್ತು 'ವಿ' ಎಂದು ಹೆಸರಿಟ್ಟರು. 'ವಿ' ಎಂದರೆ ಫರ್ಹೋಹನ್, ಏರಿಸು. 'ಪಿ'ಗೆ ಅವರು ಕೊಟ್ಟ ಪದ 'ಪ್ರೊಲಾಹ್'. ಅದು ಡಚ್ ನಿಘಂಟಿನಲ್ಲೇ ಇಲ್ಲ, 'ಇಳಿಸಲು ಪ್ರಯತ್ನಿಸು' ಎಂಬ ಎರಡು ಪದ ಕೂಡಿಸಿ ಅವರೇ ಕಟ್ಟಿದ್ದು! ಜಗತ್ತಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳೆಲ್ಲ ಆರು ದಶಕಗಳಿಂದ ಆ ಎರಡು ಅಕ್ಷರ ಬಾಯಿಪಾಠ ಮಾಡುತ್ತಿದ್ದಾರೆ. ತನ್ನ ಭಾಷೆಯಲ್ಲಿ ಯೋಚಿಸಿ, ಪದ ಸಾಲದಾದಾಗ ತನ್ನ ಭಾಷೆಯಲ್ಲೇ ಹೊಸದು ಕಟ್ಟಿಕೊಂಡವರ ಗುರುತು ಇದು.

ಸೆಮಾಫೋರಿನಲ್ಲಿ ಒಬ್ಬರಿಗೆ ಮಾತ್ರ ಜಾಗವಿರುವ ಬಗೆಗೆ 'ಮ್ಯೂಟೆಕ್ಸ್' ಎನ್ನುತ್ತಾರೆ. ಇದಕ್ಕೆ ಕೈಮರಕ್ಕಿಂತ ಒಳ್ಳೆಯ ಹೋಲಿಕೆ ನಮ್ಮ ಒಂಟಿ ಹಳಿಯ ರೈಲು ಮಾರ್ಗಗಳಲ್ಲಿತ್ತು. ಸ್ಟೇಷನ್ ಮಾಸ್ತರರು ಬೆತ್ತದ ಬಳೆಗೆ ಕಟ್ಟಿದ ಚರ್ಮದ ಚೀಲದಲ್ಲಿ ಒಂದು ಗುಂಡನ್ನು ಇಟ್ಟು ಡ್ರೈವರಿಗೆ ಕೊಡುತ್ತಿದ್ದರು. ಅದು ಕೈಲಿದ್ದರೆ ಮಾತ್ರ ಮುಂದಿನ ಸ್ಟೇಷನ್‌ವರೆಗೆ ಹೋಗಬಹುದು. ಎರಡು ಸ್ಟೇಷನ್ನಿನ ಯಂತ್ರಗಳೂ ತಂತಿಯಿಂದ ಒಂದಕ್ಕೊಂದು ಬೆಸೆದಿದ್ದು, ಒಂದು ಗುಂಡು ಹೊರಗಿದ್ದಾಗ ಇನ್ನೊಂದು ಹೊರಬರುವುದೇ ಇಲ್ಲ. ಹಾಗಾಗಿ ಒಂದೇ ಹಳಿಯ ಮೇಲೆ ಎರಡು ರೈಲು ಎದುರಾಗುವ ಪ್ರಮೇಯವಿಲ್ಲ. ಓಡುವ ರೈಲಿನಿಂದ ಆ ಬಳೆಯನ್ನು ತೋಳಿಗೆ ಸಿಕ್ಕಿಸಿಕೊಳ್ಳುವುದನ್ನು ನೋಡಿದ ಹಿರಿಯರು ಊರಿನಲ್ಲಿ ಈಗಲೂ ಇದ್ದಾರೆ. ಅವರಿಗೆ ಮ್ಯೂಟೆಕ್ಸ್ ಗೊತ್ತು, ಹೆಸರು ಗೊತ್ತಿಲ್ಲ ಅಷ್ಟೆ.

ಈಗ ಚಂದ್ರನ ವಿಷಯಕ್ಕೆ ಬರುತ್ತೇನೆ. ಎಂಬೆಡೆಡ್ ಆಪರೇಟಿಂಗ್ ಸಿಸ್ಟಮ್‌ನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಪರೀಕ್ಷೆ ಇನ್ನೊಂದು ನಡೆದಿಲ್ಲ.

ಅಪೊಲೊ ನೌಕೆಯ ಕಂಪ್ಯೂಟರನ್ನು ಎಂಐಟಿಯ ಪ್ರಯೋಗಾಲಯ ವಿನ್ಯಾಸ ಮಾಡಿತು. ತೂಕ ಸುಮಾರು 32 ಕಿಲೊ. ಅಳಿಸಿ ಬರೆಯಬಹುದಾದ ನೆನಪು 2,048 ಪದಗಳು ಮಾತ್ರ. ಅಳಿಸಲಾಗದ ನೆನಪು 36,864 ಪದಗಳು. ಈ ಎರಡನೆಯದನ್ನು ಅಕ್ಷರಶಃ ನೇಯುತ್ತಿದ್ದರು. ಕಾರ್ಖಾನೆಯ ಹೆಣ್ಣುಮಕ್ಕಳು ಚಿಕ್ಕ ಚಿಕ್ಕ ಕಾಂತದ ಉಂಗುರಗಳ ಒಳಗಿಂದ ತಂತಿ ಹಾಯಿಸಿದರೆ ಒಂದು, ಹೊರಗಿಂದ ಒಯ್ದರೆ ಸೊನ್ನೆ. ನೇಯ್ದ ಮೇಲೆ ಒಂದಕ್ಷರ ತಿದ್ದಬೇಕಾದರೂ ಬಿಚ್ಚಿ ಮತ್ತೆ ನೇಯಬೇಕು. ಮಗ್ಗದ ಮನೆಯವರಿಗೆ ಇದರ ಕಷ್ಟ ನಾನು ಹೇಳಬೇಕಿಲ್ಲ.

ಇಷ್ಟು ಚಿಕ್ಕ ಯಂತ್ರದಲ್ಲಿ ಹಲವು ಕೆಲಸಗಳನ್ನು ಒಟ್ಟಿಗೆ ನಡೆಸಲು ಹಾಲ್ಕೋಂಬ್ ಲೇನಿಂಗ್ ಎಂಬವರು 'ಎಕ್ಸಿಕ್ಯೂಟಿವ್' ಎಂಬ ಪ್ರೋಗ್ರಾಂ ರಚಿಸಿದ್ದರು. ಪ್ರತಿ ಕೆಲಸಕ್ಕೂ ಒಂದು ಆದ್ಯತೆಯ ಸಂಖ್ಯೆ. ಹೆಚ್ಚಿನ ಆದ್ಯತೆಯ ಕೆಲಸ ಬಂದರೆ ಕಡಿಮೆಯದು ಪಕ್ಕಕ್ಕೆ ಸರಿದು ನಿಲ್ಲಬೇಕು. ಇಂತಿಷ್ಟು ಹೊತ್ತಿಗೆ ಆಗಲೇಬೇಕಾದ ಚಿಕ್ಕ ಕೆಲಸಗಳಿಗೆ 'ವೇಟ್‌ಲಿಸ್ಟ್' ಎಂಬ ಬೇರೆ ಪಟ್ಟಿ. ಇಂದು ನಾವು 'ಶೆಡ್ಯೂಲರ್', 'ಟಾಸ್ಕ್', 'ಪ್ರಯಾರಿಟಿ' ಎನ್ನುವುದೆಲ್ಲ ಇಲ್ಲಿ ಆಗಲೇ ಇತ್ತು.

1969ರ ಜುಲೈ 20ರಂದು ಈಗಲ್ ನೌಕೆ ಚಂದ್ರನ ಮೇಲೆ ಇಳಿಯುತ್ತಿತ್ತು. ನಮ್ಮಲ್ಲಿ ಆಗ ನಡುರಾತ್ರಿ ಕಳೆದು 21ನೇ ತಾರೀಖು. ನೆಲ ಇನ್ನೂ ಸುಮಾರು 10 ಕಿಲೋಮೀಟರ್ ಕೆಳಗಿರುವಾಗ ಕಂಪ್ಯೂಟರು '1202' ಎಂದು ಎಚ್ಚರಿಕೆ ತೋರಿಸಿತು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ. ಆಮೇಲೆ '1201'. ಅರ್ಥ ಇಷ್ಟೇ: ಕೈಲಾಗುವುದಕ್ಕಿಂತ ಹೆಚ್ಚು ಕೆಲಸ ಬಂದಿದೆ, ಹೊಸ ಕೆಲಸಕ್ಕೆ ಕೊಡಲು ಜಾಗವಿಲ್ಲ. ಆ ಹೊತ್ತಿನಲ್ಲಿ ಬೇಕಿಲ್ಲದ ಇನ್ನೊಂದು ರೇಡಾರ್ ಆನ್ ಆಗಿದ್ದು, ವಿದ್ಯುತ್ ಜೋಡಣೆಯ ಒಂದು ಹೊಂದಾಣಿಕೆ ತಪ್ಪಿದ್ದರಿಂದ ಕಂಪ್ಯೂಟರಿನ ಸಮಯದ ಶೇ. 13ರಷ್ಟನ್ನು ಸುಮ್ಮನೆ ತಿಂದುಹಾಕುತ್ತಿತ್ತು. ಬೇರೆ ಯಂತ್ರವಾಗಿದ್ದರೆ ಅಲ್ಲಿಗೇ ನಿಂತುಹೋಗುತ್ತಿತ್ತು. ಇದು ತನ್ನನ್ನು ತಾನೇ ಮತ್ತೆ ಶುರು ಮಾಡಿಕೊಂಡಿತು. ಹಾಗೆ ಮಾಡುವಾಗ ನೌಕೆಯನ್ನು ನಡೆಸುವ, ಎಂಜಿನ್ ಹಿಡಿತದಲ್ಲಿಡುವ ಮುಖ್ಯ ಕೆಲಸಗಳನ್ನು ಬಿಟ್ಟಲ್ಲಿಂದ ಎತ್ತಿಕೊಂಡು, ಮುಖ್ಯವಲ್ಲದವನ್ನು ಕೈಬಿಟ್ಟಿತು. ಭೂಮಿಯ ನಿಯಂತ್ರಣ ಕೇಂದ್ರದಲ್ಲಿ ಜಾಕ್ ಗಾರ್ಮನ್ ಎಂಬ ಯುವಕ ಇಂಥ ಸಂಖ್ಯೆಗಳ ಅರ್ಥವನ್ನೆಲ್ಲ ಮೊದಲೇ ಪಟ್ಟಿ ಮಾಡಿಟ್ಟುಕೊಂಡಿದ್ದರು. ಅವರು ಹೇಳಿದ್ದನ್ನು ನಂಬಿ ಸ್ಟೀವ್ ಬೇಲ್ಸ್ 'ಮುಂದುವರಿಯಿರಿ' ಎಂದರು. ನಮ್ಮ ಗಡಿಯಾರದಲ್ಲಿ ರಾತ್ರಿ 1 ಗಂಟೆ 47 ನಿಮಿಷಕ್ಕೆ ಈಗಲ್ ಇಳಿಯಿತು. ಆರ್ಮ್‌ಸ್ಟ್ರಾಂಗ್ ಹೆಸರು ನಮ್ಮ ಪಾಠದಲ್ಲಿತ್ತು. ಲೇನಿಂಗ್ ಹೆಸರಾಗಲಿ, ನೌಕೆಯ ಸಾಫ್ಟ್‌ವೇರ್ ತಂಡದ ಮುಂದಾಳು ಮಾರ್ಗರೆಟ್ ಹ್ಯಾಮಿಲ್ಟನ್ ಹೆಸರಾಗಲಿ ಇರಲಿಲ್ಲ. ಅವೂ ಇರಬೇಕಿತ್ತು.

ಉಳಿದ ಕೆಲವು ಪದಗಳನ್ನು ಬೇಗ ಹೇಳಿಬಿಡುತ್ತೇನೆ. 'ಕರ್ನಲ್' ಎಂದರೆ ಕಾಯಿಯ ಒಳಗಿನ ತಿರುಳು. ಆಪರೇಟಿಂಗ್ ಸಿಸ್ಟಮ್‌ನಲ್ಲಿ ಸಿಪ್ಪೆ, ನಾರೆಲ್ಲ ತೆಗೆದ ಮೇಲೆ ಉಳಿಯುವುದು. 1969ರಲ್ಲಿ ಡೆನ್ಮಾರ್ಕಿನ ಪೆರ್ ಬ್ರಿಂಕ್ ಹ್ಯಾನ್ಸನ್ ಇಂಥದ್ದೇ ತಿರುಳಿಗೆ 'ನ್ಯೂಕ್ಲಿಯಸ್' ಎಂದಿದ್ದರು. 'ಫರ್ಮ್‌ವೇರ್' ಪದವನ್ನು 1967ರಲ್ಲಿ ಆಷರ್ ಓಪ್ಲರ್ ಬಳಕೆಗೆ ತಂದರು: ಹಾರ್ಡ್‌ವೇರಿನಷ್ಟು ಗಟ್ಟಿಯಲ್ಲ, ಸಾಫ್ಟ್‌ವೇರಿನಷ್ಟು ಮೆತ್ತಗಲ್ಲ, ಚಿಪ್ಪಿನಲ್ಲಿ ಅಂಟಿಕೊಂಡು ಕೂತ ಪ್ರೋಗ್ರಾಂ. ನಮ್ಮ ಶಾಲೆಯ ಕೊಠಡಿಗಳು ಮತಗಟ್ಟೆಯಾದಾಗ ಅಲ್ಲಿಗೆ ಬರುವ ಮತಯಂತ್ರದಲ್ಲಿ ಇರುವುದೂ ಅಂಥದ್ದೇ. ಅದನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದು ಬೆಂಗಳೂರಿನ ಬಿಇಎಲ್. ಅದರ ಪ್ರೋಗ್ರಾಂ ಚಿಪ್ಪಿನ ಮೇಲೆ ಒಮ್ಮೆ ಮಾತ್ರ ಬರೆಯಬಹುದಾದದ್ದು ಎಂದು ಚುನಾವಣಾ ಆಯೋಗ ಹೇಳುತ್ತದೆ.

'ರಿಯಲ್ ಟೈಮ್' ಎಂಬುದನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಎಲ್ಲರೂ ಅದನ್ನು 'ವೇಗ' ಎಂದು ತಿಳಿದಿದ್ದಾರೆ. ವೇಗ ಅಲ್ಲ, ಹೇಳಿದ ಹೊತ್ತಿಗೆ ಮಾಡುವುದು. ಕಾರಿನ ಗಾಳಿಚೀಲ ಅಪಘಾತವಾದ ಅರ್ಧ ಸೆಕೆಂಡಿನ ನಂತರ ಎಷ್ಟೇ ಚೆನ್ನಾಗಿ ಬಿಚ್ಚಿಕೊಂಡರೂ ಪ್ರಯೋಜನವಿಲ್ಲ. ತಡವಾದ ಸರಿ ಉತ್ತರವೂ ತಪ್ಪು ಉತ್ತರವೇ. 1973ರಲ್ಲಿ ಲಿಯು ಮತ್ತು ಲೇಲೆಂಡ್ ಎಂಬಿಬ್ಬರು ಇದರ ಗಣಿತ ಬರೆದರು. ಪದೇ ಪದೇ ಬರುವ ಕೆಲಸಕ್ಕೆ ಹೆಚ್ಚು ಆದ್ಯತೆ ಕೊಡಿ, ಪ್ರೊಸೆಸರಿನ ಒಟ್ಟು ಹೊರೆ ಸುಮಾರು ಶೇ. 69 ಮೀರದಿದ್ದರೆ ಯಾವ ಕೆಲಸವೂ ಗಡುವು ತಪ್ಪುವುದಿಲ್ಲ ಎಂದು ಸಾಧಿಸಿ ತೋರಿಸಿದರು. ಪ್ರೊಸೆಸರಿನಲ್ಲಿ ಮೂರರಲ್ಲೊಂದು ಪಾಲು ಖಾಲಿ ಬಿಟ್ಟರೆ 'ದಂಡ' ಎನ್ನುವ ಮ್ಯಾನೇಜರುಗಳಿಗೆ ಈ ಲೆಕ್ಕವನ್ನು ಎಷ್ಟು ಸಲ ತೋರಿಸಿದ್ದೇನೋ!

ಆದ್ಯತೆ ಕೊಟ್ಟರೂ ಎಡವಟ್ಟಾಗುತ್ತದೆ ಎನ್ನುವುದಕ್ಕೆ ಮಂಗಳ ಗ್ರಹದ ಕತೆ ಇದೆ. 1997ರ ಜುಲೈ 4ರಂದು ಪಾತ್‌ಫೈಂಡರ್ ಎಂಬ ಅಮೆರಿಕದ ನೌಕೆ ಅಲ್ಲಿ ಇಳಿಯಿತು. ಅದರೊಳಗೆ ವಿಎಕ್ಸ್‌ವರ್ಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್. ಕೆಲವೇ ದಿನಗಳಲ್ಲಿ ಕಂಪ್ಯೂಟರು ತನ್ನಷ್ಟಕ್ಕೆ ತಾನು ಮತ್ತೆ ಮತ್ತೆ ಮೊದಲಿನಿಂದ ಶುರುವಾಗತೊಡಗಿತು. ಅಲ್ಲಿಗೆ ಒಂದು ಸಂದೇಶ ತಲುಪಲು ಹತ್ತು ನಿಮಿಷಕ್ಕೂ ಹೆಚ್ಚು ಬೇಕು, ಹೋಗಿ ರಿಪೇರಿ ಮಾಡುವ ಮಾತೇ ಇಲ್ಲ.

ಆದದ್ದನ್ನು ಶಾಲೆಯ ಲೆಕ್ಕದಲ್ಲಿ ಹೇಳುತ್ತೇನೆ. ಪ್ರಯೋಗಾಲಯಕ್ಕೆ ಒಂದೇ ಬೀಗದಕೈ. ಅದು ಎಂಟನೇ ತರಗತಿ ಹುಡುಗನ ಕೈಲಿದೆ. ಮುಖ್ಯೋಪಾಧ್ಯಾಯರಿಗೆ ತುರ್ತಾಗಿ ಬೀಗದಕೈ ಬೇಕು, ಅವನು ಬಂದು ಕೊಡಲಿ ಎಂದು ಕಾಯುತ್ತಿದ್ದಾರೆ. ದಾರಿಯಲ್ಲಿ ಹತ್ತನೇ ತರಗತಿಯ ದೊಡ್ಡ ಹುಡುಗರು ಅವನನ್ನು ನಿಲ್ಲಿಸಿ ತಮ್ಮ ಕೆಲಸ ಮಾಡಿಕೊಳ್ಳುತ್ತಿದ್ದಾರೆ. ಆ ಹುಡುಗರಿಗೆ ಬೀಗದಕೈ ಬೇಕಿಲ್ಲ, ಆದರೂ ಅವರಿಂದ ಮುಖ್ಯೋಪಾಧ್ಯಾಯರು ಕಾಯಬೇಕಾಯಿತು. ನೌಕೆಯಲ್ಲಿ ಹವಾಮಾನದ ಮಾಹಿತಿ ಕೂಡಿಸುವ ಕೆಳದರ್ಜೆಯ ಕೆಲಸದ ಬಳಿ ಮ್ಯೂಟೆಕ್ಸ್ ಇತ್ತು, ಮಾಹಿತಿ ಸಾಗಿಸುವ ಮೇಲ್ದರ್ಜೆಯ ಕೆಲಸ ಅದಕ್ಕೆ ಕಾಯುತ್ತಿತ್ತು, ನಡುವೆ ಸಂಪರ್ಕದ ಕೆಲಸ ನುಗ್ಗಿ ಹೊತ್ತು ತಿನ್ನುತ್ತಿತ್ತು. ಇದಕ್ಕೆ 'ಪ್ರಯಾರಿಟಿ ಇನ್‌ವರ್ಷನ್' ಎನ್ನುತ್ತಾರೆ, ಮೇಲುಕೀಳಾಗುವುದು. ಮೇಲಿನ ಕೆಲಸ ಗಡುವಿನೊಳಗೆ ಮುಗಿಯದ್ದನ್ನು ಕಂಡ ಕಾವಲು ವ್ಯವಸ್ಥೆ, ಏನೋ ಕೆಟ್ಟಿದೆ ಎಂದು ಇಡೀ ಕಂಪ್ಯೂಟರನ್ನು ಮೊದಲಿನಿಂದ ಶುರು ಮಾಡುತ್ತಿತ್ತು. 'ವಾಚ್‌ಡಾಗ್' ಎನ್ನುವುದು ಇಂಥ ಕಾವಲಿಗೇ. ಕಾವಲುನಾಯಿಗೆ ಹೊತ್ತುಹೊತ್ತಿಗೆ ಒಂದು ತುತ್ತು ಹಾಕುತ್ತಿರಬೇಕು. ತುತ್ತು ತಪ್ಪಿದರೆ ಯಜಮಾನ ಪ್ರಜ್ಞೆ ತಪ್ಪಿದ್ದಾನೆ ಎಂದು ಬೊಗಳಿ ಎಬ್ಬಿಸುತ್ತದೆ.

ಭೂಮಿಯಲ್ಲಿದ್ದ ಅದೇ ಬಗೆಯ ಯಂತ್ರದ ಮೇಲೆ ಎಂಜಿನಿಯರುಗಳು ಪಟ್ಟುಬಿಡದೆ ಪ್ರಯತ್ನಿಸಿ ಅದೇ ತೊಂದರೆ ಮರುಕಳಿಸುವಂತೆ ಮಾಡಿದರು. ಮದ್ದು ಮೊದಲೇ ಗೊತ್ತಿತ್ತು. ಶಾ, ರಾಜ್‌ಕುಮಾರ್, ಲೆಹೋಸ್ಕಿ ಎಂಬ ಮೂವರು 1990ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅದು ವಿವರವಾಗಿದೆ: ಬೀಗದಕೈ ಹಿಡಿದ ಹುಡುಗನಿಗೆ, ಅದನ್ನು ಹಿಂತಿರುಗಿಸುವ ತನಕ ಮಾತ್ರ, ಮುಖ್ಯೋಪಾಧ್ಯಾಯರ ಅಧಿಕಾರ ಕೊಡಿ. ಆಗ ದೊಡ್ಡ ಹುಡುಗರು ಅವನನ್ನು ನಿಲ್ಲಿಸಲಾರರು. ಆ ಸೌಲಭ್ಯ ವಿಎಕ್ಸ್‌ವರ್ಕ್ಸ್‌ನಲ್ಲಿ ಇತ್ತು, ಆ ಒಂದು ಮ್ಯೂಟೆಕ್ಸಿಗೆ ಆನ್ ಮಾಡಿರಲಿಲ್ಲ. ಭೂಮಿಯಿಂದ ಆದೇಶ ಕಳುಹಿಸಿ ಆನ್ ಮಾಡಿದರು. ರೋಗ ವಾಸಿಯಾಯಿತು.

ನಮ್ಮ ನಾಡಿನ ಕತೆಗೆ ಬಂದರೆ, ನನ್ನ ಪೀಳಿಗೆಯ ಬಿ.ಇ.ಯವರು ಮೊದಲು ಮುಟ್ಟಿದ್ದು 8051 ಎಂಬ ಚಿಪ್ಪನ್ನು. 1980ರಲ್ಲಿ ಇಂಟೆಲ್ ತಂದದ್ದು, 128 ಬೈಟ್ ನೆನಪು, 4 ಕಿಲೋಬೈಟ್ ಪ್ರೋಗ್ರಾಂ ಜಾಗ. ಅಪೊಲೊಗಿಂತಲೂ ಬಡವ! ಅದರಲ್ಲಿ ಒಂದು ಕೆಂಪು ದೀಪ ಮಿಣುಕಿಸಿದ ದಿನ ಹಾಸ್ಟೆಲಿನಲ್ಲಿ ನನಗೆ ನಿದ್ದೆ ಬರಲಿಲ್ಲ. ಅದಕ್ಕೂ ಕೆಲವು ವರ್ಷ ಮೊದಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್ ಎಂಬ ಸಂಸ್ಥೆಯವರೂ ಸೇರಿ 'ಸಿಂಪ್ಯೂಟರ್' ಎಂಬ ಅಂಗೈಯಗಲದ ಕಂಪ್ಯೂಟರ್ ಮಾಡಿದ್ದರು. ಓದು ಬಾರದವರೂ ಬಳಸಲೆಂದು, ಭಾರತೀಯ ಭಾಷೆಗಳಲ್ಲಿ ಬರಹವನ್ನು ಓದಿ ಹೇಳುವಂತೆ ರೂಪಿಸಿದ್ದು. ಒಳಗೆ ಲಿನಕ್ಸ್. 2004ರಲ್ಲಿ ಬಿಇಎಲ್ ಕೈಜೋಡಿಸಿ 'ಅಮಿಡಾ' ಎಂಬ ಹೆಸರಿನಲ್ಲಿ ಮಾರುಕಟ್ಟೆಗೂ ಬಂತು. ಹೆಚ್ಚು ಮಾರಾಟವಾಗಲಿಲ್ಲ. ಸ್ಪರ್ಶಪರದೆಯ ಫೋನು ನಮ್ಮ ಊರಿಗೆ ಬರುವ ಎಷ್ಟೋ ಮೊದಲೇ ಆ ಕಲ್ಪನೆ ನಮ್ಮ ರಾಜಧಾನಿಯಲ್ಲೇ ಮೊಳೆತಿತ್ತು ಎಂದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಈಗ ಈ ವಿದ್ಯೆ ಕಲಿಯಲು ಬೇಕಾದದ್ದು ಬಹಳ ಕಡಿಮೆ. 2003ರಲ್ಲಿ ರಿಚರ್ಡ್ ಬ್ಯಾರಿ ಎಂಬವರು ಬರೆದು ಎಲ್ಲರಿಗೂ ಬಿಟ್ಟುಕೊಟ್ಟ 'ಫ್ರೀಆರ್‌ಟಿಒಎಸ್' ಎಂಬ ಆಪರೇಟಿಂಗ್ ಸಿಸ್ಟಮ್ ಇಂದು ಲೆಕ್ಕವಿಲ್ಲದಷ್ಟು ಯಂತ್ರಗಳಲ್ಲಿ ಓಡುತ್ತಿದೆ. ಅದರ ತಿರುಳು ಮೂರೇ ಮೂರು ಕಡತ: ಒಂದು ಕೆಲಸಗಳಿಗೆ, ಒಂದು ಸರದಿಸಾಲಿಗೆ, ಒಂದು ಪಟ್ಟಿಗೆ. ಕೆಲವು ನೂರು ರೂಪಾಯಿಯ ಒಂದು ಬೋರ್ಡಿನಲ್ಲಿ ಅದನ್ನು ಓಡಿಸಬಹುದು. ನಮ್ಮ ಶಾಲೆಯ ಒಂಬತ್ತನೇ ತರಗತಿಯ ಮಕ್ಕಳಿಗೆ ಕಳೆದ ಬೇಸಿಗೆಯಲ್ಲಿ ಎರಡು ದಿನ ಅದನ್ನು ತೋರಿಸಿದೆ. ಡೈಕ್‌ಸ್ಟ್ರಾ ಅವರ 'ಪಿ' ಮತ್ತು 'ವಿ' ಅದರಲ್ಲಿ 'ಟೇಕ್' ಮತ್ತು 'ಗಿವ್' ಆಗಿವೆ ಎಂದು ಹೇಳುತ್ತಿದ್ದಂತೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಸಾರ್, ತಗೊಂಡವರು ಕೊಡೋದನ್ನ ಮರೆತರೆ?" ಎರಡನೇ ದಿನದ ಪಾಠ ಪೂರ್ತಿ ಅದರ ಮೇಲೇ ನಡೆಯಿತು.